ಸವೆದ ಪಿಕರ್‌ಗಳ ಚೀಲ

ನನಗೆ ಹದಿನಾಲ್ಕು ಬಗೆಯ ಕೆಟ್ಟ ಮಗ್ಗಗಳ ಸದ್ದನ್ನು ಬಾಯಲ್ಲಿ ಮಾಡಲು ಬರುತ್ತದೆ. ಪಟ್ಟಾ ಸಡಿಲಾಗಿ ಏದುಸಿರು ಬಿಡುವ ಮಗ್ಗ, ಲಾಳಿ ಸೊಟ್ಟ ಹಾರುವ ಮುಂಚೆ ಒಂದು ಗಳಿಗೆ ಉಸಿರು ಹಿಡಿಯುವ ಮಗ್ಗ, ಎಣ್ಣೆ ಕಾಣದೆ ಮುದುಕಿಯ ಹಾಗೆ ಗೊಣಗುವ ಮಗ್ಗ, ಹೀಗೆ. ಮನುಷ್ಯರದಂತೂ ಲೆಕ್ಕವೇ ಇಲ್ಲ. ಗಣಿತದ ಮಾಸ್ತರರು ತಪ್ಪು ಲೆಕ್ಕ ಬಿಡಿಸಿ ಬೋರ್ಡು ಒರೆಸುವ ಅವಸರ, ಜಮಖಂಡಿ ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಎನ್ನುವಾಗಿನ ಮೂಗಿನ ದನಿ, ಬದನೆಕಾಯಿಗೆ ಚೌಕಾಶಿ ಮಾಡುವಾಗ ಅವ್ವನ ಮುಖಕ್ಕೆ ಬಂದು ಕೂರುವ ಬಡತನ, ಎಲ್ಲವೂ ಬರುತ್ತದೆ. ಯಾರೂ ಸಿಗದ ದಿನ ನನ್ನನ್ನೇ ಮಾಡಿ ತೋರಿಸುತ್ತಿದ್ದೆ: ಮುಂದಿನ ಕಾಲು ಹೋಗೋಣ ಎಂದರೆ ಹಿಂದಿನ ಕಾಲು ನಾಳೆ ನೋಡೋಣ ಎನ್ನುವ ನನ್ನ ನಡಿಗೆ. ಓಣಿಯ ಕಟ್ಟೆಯ ಮೇಲೆ ಕೂತವರು ಬಿದ್ದು ಬಿದ್ದು ನಗುತ್ತಿದ್ದರು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸದ್ದು ಮಾಡಲು ಬರುವುದು ಬೇರೆ, ಆ ಸದ್ದು ಏನು ಹೇಳುತ್ತಿದೆ ಎಂದು ತಿಳಿಯುವುದು ಬೇರೆ. ಮೊದಲನೆಯದು ನನಗೆ ಬರುತ್ತಿತ್ತು, ಎರಡನೆಯದು ಅಪ್ಪನಿಗೆ. ನೌಕರಿ ಸಿಕ್ಕಿದ್ದು ಮೊದಲನೆಯದಕ್ಕೆ.

ಅಪ್ಪ ಬನಹಟ್ಟಿಯಲ್ಲಿ ಜಾಬರ್. ವಿದ್ಯುತ್ ಮಗ್ಗ ಕೆಟ್ಟರೆ ಸರಿಮಾಡುವವನಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಅವನಿಗೆ ಅಂಗಡಿ ಇರಲಿಲ್ಲ, ಬೋರ್ಡು ಇರಲಿಲ್ಲ. ಬೋಲ್ಟು ಬಿಚ್ಚುವ ಎರಡು ಪಾನಾ, ಒಂದು ಕಟ್ಟಿಗೆಯ ತುಂಡು, ಹೆಗಲಿಗೆ ಒಂದು ಚೀಲ. ಮಗ್ಗದ ಮುಂದೆ ನಿಂತು ಕಟ್ಟಿಗೆಯ ಒಂದು ತುದಿಯನ್ನು ಕಬ್ಬಿಣಕ್ಕೆ ಹಚ್ಚುತ್ತಿದ್ದ, ಇನ್ನೊಂದು ತುದಿಯನ್ನು ಕಿವಿಗೆ. ಆಮೇಲೆ ಕಟ್ಟಿಗೆ ಬಿಟ್ಟು ಅಂಗೈಯನ್ನು ಚೌಕಟ್ಟಿನ ಮೇಲೆ ಇಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿದವರ ಹಾಗೆ ಒಂದಿಷ್ಟು ಹೊತ್ತು ಸುಮ್ಮನಿರುತ್ತಿದ್ದ. ನಂತರ ಎಲ್ಲಿ ಏನಾಗಿದೆ ಎಂದು ಹೇಳುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಅವನು ಸಾಲಿ ಕಲಿತದ್ದು ಮೂರನೇ ಇಯತ್ತೆ.

ಮಗ್ಗಗಳ ನಡುವೆಯೇ ಆಯುಷ್ಯ ಕಳೆದು ಅಪ್ಪನ ಕಿವಿ ಮನುಷ್ಯರ ಮಾತಿಗೆ ಮಂದವಾಗಿತ್ತು. ಚಹಾ ಬೇಕೇನು ಎಂದು ಅವ್ವ ಮೂರು ಸಲ ಕೂಗಬೇಕು. ಆದರೆ ಆಚೆ ಓಣಿಯಲ್ಲಿ ಒಂದು ಮಗ್ಗದ ತಾಳ ತಪ್ಪಿದರೆ ಉಣ್ಣುತ್ತಿದ್ದವನು ತುತ್ತು ಹಿಡಿದು ಕೂತುಬಿಡುತ್ತಿದ್ದ. "ನನ್ನ ದನಿ ಕೇಳಸೂದಿಲ್ಲ, ಯಾರ್ದೋ ಮಗ್ಗದ ದನಿ ಕೇಳಸ್ತೈತಿ. ಮಗ್ಗಾನ ಲಗ್ನ ಆಗಬೇಕಿತ್ತು ಈ ಮನಶ್ಯಾ" ಎಂದು ಅವ್ವ ಅವನ ಎದುರಿಗೇ ಅನ್ನುತ್ತಿದ್ದಳು. ಕೇಳಿಸದಿದ್ದರೂ ತುಟಿ ನೋಡಿ ತಿಳಿದುಕೊಂಡು ಅಪ್ಪ ನಗುತ್ತಿದ್ದ. ಮಗ್ಗದವರೆಲ್ಲ ಹಾಗೆಯೇ. ಆ ಗದ್ದಲದಲ್ಲಿ ಮಾತು ಕಣ್ಣಿಗೆ ಕಾಣಬೇಕು, ಕೈಯಲ್ಲಿ ಆಡಬೇಕು.

ಇನ್ನು ಆ ಚೀಲ. ಹಳೆಯ ಚಾದರು ಹರಿದು ಅವ್ವ ಹೊಲಿದುಕೊಟ್ಟದ್ದು. ಅದರಲ್ಲಿ ಅಪ್ಪ ಸವೆದ ಸಾಮಾನು ಕೂಡಿಡುತ್ತಿದ್ದ. ಹೆಚ್ಚಿನವು ಪಿಕರ್‌ಗಳು. ಪಿಕರ್ ಎಂದರೆ ಅಡ್ಡನೂಲು ಒಯ್ಯುವ ಲಾಳಿಯನ್ನು ಈ ತುದಿಯಿಂದ ಆ ತುದಿಗೆ ಒದ್ದು ಕಳಿಸುವ, ಮುಷ್ಟಿಯಷ್ಟು ದೊಡ್ಡ ಚರ್ಮದ ಗಟ್ಟಿ. ದಿನವಿಡೀ ಲಾಳಿಯ ಚೂಪು ಮೂತಿ ಬಡಿದು ಬಡಿದು ಅದರಲ್ಲಿ ಒಂದು ತೂತು ಬೀಳುತ್ತದೆ. ಬೇರೆ ಜಾಬರ್‌ಗಳು ಹಳೆಯದನ್ನು ಕಿತ್ತು ಎಸೆದು ಹೊಸದು ಹಾಕುತ್ತಿದ್ದರು. ಅಪ್ಪ ಎಸೆಯುತ್ತಿರಲಿಲ್ಲ.

"ಇದನ್ನ ನೋಡಲೇ" ಎಂದು ನನ್ನ ಕೈಗೆ ಒಂದನ್ನು ಕೊಡುತ್ತಿದ್ದ. "ತೂತು ಬರೋಬ್ಬರಿ ನಡುವ ಬಿದ್ದೈತಿ. ಈ ಮಗ್ಗ ಶಾಣ್ಯಾ. ಇದು ನೋಡು, ಬಲಕ್ಕ ತಿಂದೈತಿ. ಲಾಳಿ ಮನಿ ಸರದೈತಿ ಅಂತ ಇದರ ಅರ್ಥ. ಇದನ್ನ ಬಿಟ್ಟು ಬರೇ ಹೊಸಾ ಪಿಕರ್ ಹಾಕಿದ್ರ ಅದೂ ತಿಂಗಳೊಪ್ಪತ್ತಿನ್ಯಾಗ ಸಾಯ್ತೈತಿ."

"ಸಾಲಿ ಹುಡುಗರಂಗ ಇದಕ್ಕೊಂದು ಪಾಟಿಚೀಲ ಹೊಲಿಸಿಕೋ ಅಪ್ಪಾ" ಎನ್ನುತ್ತಿದ್ದೆ ನಾನು.

"ಇದ ಪಾಟಿಚೀಲ ಲೇ."

ನಾನು ಆಗ ಹೊರಗಿನ ಊರಲ್ಲಿ ಜವಳಿ ಡಿಪ್ಲೊಮಾ ಓದುತ್ತಿದ್ದೆ. ಅಲ್ಲಿಯ ಮಗ್ಗ ಕರಿಹಲಗೆಯ ಮೇಲೆ ಇತ್ತು. ಬಾಣದ ಗುರುತು, ಅ ಆ ಇ ಎಂದು ಭಾಗಗಳು, ಕೆಳಗೆ ವ್ಯಾಖ್ಯಾನ. ಪ್ರಯೋಗಶಾಲೆಯಲ್ಲಿ ಖರೆ ಮಗ್ಗಗಳೂ ನಾಲ್ಕು ಇದ್ದವು, ಬಟ್ಟೆ ಹೊದ್ದುಕೊಂಡು. ತಪಾಸಣೆಗೆ ಸಾಹೇಬರು ಬಂದ ದಿನ ಮಾತ್ರ ಮುಖ ತೋರಿಸುತ್ತಿದ್ದವು. ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯ ಮುನ್ನಾದಿನ ನನ್ನ ಪಾಲಿಗೆ ಬಂದ ಮಗ್ಗವನ್ನು ಚಾಲೂ ಮಾಡಿದರೆ ನಾಲ್ಕು ಸಲ ಬಡಿದು ಧಡಕ್ಕನೆ ನಿಂತುಬಿಟ್ಟಿತು. ಕಲಿಸುವವರು ಬಂದರು, ಸುತ್ತ ತಿರುಗಿದರು, ಪುಸ್ತಕದಲ್ಲಿ ಐದು ಕಾರಣಗಳಿವೆ, ಓದಿಕೋ ಎಂದರು. ಹೋದರು.

ನಾನು ಫೋನಿನ ಬೂತಿಗೆ ಓಡಿದೆ. ಮನೆಯ ಪಕ್ಕದವರ ಫೋನಿಗೆ ಹಚ್ಚಿ ಅಪ್ಪನನ್ನು ಕರೆಸಿದೆ. ಅವನಿಗೆ ಫೋನಿನಲ್ಲಿ 'ಹಲೋ' ಕೂಡ ಕೇಳಿಸುವುದಿಲ್ಲ. ಆದರೂ ರಿಸೀವರ್ ಬಾಯಿಗೆ ಒತ್ತಿ ಹಿಡಿದು ಆ ಮಗ್ಗದ ಸದ್ದು ಮಾಡಿದೆ. ಖಟ್-ಖಟಾ, ಖಟ್-ಖಟಾ, ಖಟ್-ಖ್ಞ್, ಖಟ್... ಧಡಕ್. ಹಿಂದೆ ಸರದಿಯಲ್ಲಿ ನಿಂತವರು ನನಗೆ ಮೂರ್ಛೆ ಬಂತೆಂದು ಕಬ್ಬಿಣ ಹುಡುಕತೊಡಗಿದರು.

"ಮತ್ತೊಮ್ಮಿ ಮಾಡು. ಸಾವಕಾಶ" ಎಂದ ಅಪ್ಪ. ಮಾಡಿದೆ. "ಮೂರನೇ ಬಡತಕ್ಕ ಏನೋ ಎಳದಂಗ ಕೇಳಸ್ತೈತಿ. ಬಲಗಡೆ ಪಿಕರ್ ಬಿಚ್ಚಿ ನೋಡು. ಮ್ಯಾಲಿನ ಕಡೆ ತಿಂದಿರತೈತಿ. ಲಾಳಿ ತಡಾ ಮಾಡಿ ಬರಾಕತ್ತೈತಿ."

ಬಿಚ್ಚಿ ನೋಡಿದೆ, ಮೇಲಿನ ಕಡೆಯೇ ತಿಂದಿತ್ತು. ಮರುದಿನ ಪರೀಕ್ಷಕರ ಮುಂದೆ ಆ ಐದು ಕಾರಣಗಳನ್ನು ಗಿಳಿಯ ಹಾಗೆ ಹೇಳಿ, ಅಪ್ಪ ಹೇಳಿದ ಹಾಗೆ ಸರಿಮಾಡಿದ ಮಗ್ಗವನ್ನು ಓಡಿಸಿ ತೋರಿಸಿದೆ. ಪ್ರಥಮ ದರ್ಜೆ. ಪ್ರಮಾಣಪತ್ರದ ಮೇಲೆ ನನ್ನ ಹೆಸರು, ನನ್ನ ಫೋಟೋ. ಅಪ್ಪ ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಅದರ ಕೆಳಗೆ ನಾನು ಎರಡು ವರ್ಷ ಕೆಲಸವಿಲ್ಲದೆ ಮಲಗಿದೆ.

ಆ ಹೊತ್ತಿಗೆ ಆಣೆಕಟ್ಟಿನ ನೀರು ಕೃಷ್ಣೆಯ ದಂಡೆಗುಂಟ ಮೇಲೇರಿ ಊರುಗಳೇ ಎದ್ದು ಬೇರೆ ಕಡೆ ಹೋಗಿ ಕೂತಿದ್ದವು. ಅಂಥ ಮನೆಗಳ ಹುಡುಗ-ಹುಡುಗಿಯರಿಗೆಂದು ಬೀಳಗಿಯಲ್ಲಿ ಒಂದು ನೇಕಾರಿಕೆ ತರಬೇತಿ ಕೇಂದ್ರ ಶುರುವಾಯಿತು. ಲಾರಿಯಲ್ಲಿ ಹನ್ನೆರಡು ಮಗ್ಗ ಬಂದವು. ಕೂಡಿಸಲು ಬಂದವರು ಬೋಲ್ಟು ಬಿಗಿದು, ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು. ಹನ್ನೆರಡರಲ್ಲಿ ಆರು ಓಡಲೇ ಇಲ್ಲ. ಯಾರೋ ಅಪ್ಪನ ಸುದ್ದಿ ಹೇಳಿದರು. ಎರಡು ದಿನದ ಕೆಲಸಕ್ಕೆಂದು ಹೋದ ಅಪ್ಪ ಹದಿನಾಲ್ಕು ತಿಂಗಳು ಹೋಗಿ ಬಂದ. ಬನಹಟ್ಟಿಯಿಂದ ಜಮಖಂಡಿಗೆ ಒಂದು ಬಸ್ಸು, ಅಲ್ಲಿಂದ ಬೀಳಗಿಗೆ ಇನ್ನೊಂದು. ಹಾಜರಿ ಪುಸ್ತಕದಲ್ಲಿ 'ಸಹಾಯಕ' ಎಂದು ಬರೆದಿದ್ದರು. ಸಹಾಯ ಯಾರಿಗೆ ಎಂಬುದು ಗೊತ್ತಾಗುವ ಹಾಗಿರಲಿಲ್ಲ, ಕಲಿಸುವವರು ಬೇರೆ ಯಾರೂ ಇರಲಿಲ್ಲ.

ಕೆಲಸವಿಲ್ಲದ ಡಿಪ್ಲೊಮಾದವನಾದ ನಾನು ಆಗಾಗ ಅವನ ಜೊತೆ ಹೋಗಿ ಕೂಡುತ್ತಿದ್ದೆ. ಕಲಿಯಲು ಬಂದವರಲ್ಲಿ ಬಹಳಷ್ಟು ಜನ ಕುರಿ ಕಾಯುವ ಮನೆಗಳವರು. ಬೀರೇಶ್ವರನ ಗುಡಿಯ ಅರಿಶಿನ ಭಂಡಾರ ಹಣೆಗೆ ಹಚ್ಚಿಕೊಂಡು ಬರುತ್ತಿದ್ದರು. ಹುಲ್ಲುಗಾವಲು ನೀರಿನ ಕೆಳಗೆ ಹೋದ ಮೇಲೆ ಹಿಂಡು ಮಾರಿದ್ದರು. ಅಪ್ಪ ಅವರ ಕೈಗೆ ಪುಸ್ತಕ ಕೊಡಲಿಲ್ಲ, ಕೊಡಲು ಅವನ ಹತ್ತಿರ ಇರಲೂ ಇಲ್ಲ. ಒಬ್ಬೊಬ್ಬರ ಅಂಗೈ ಹಿಡಿದು ಓಡುವ ಮಗ್ಗದ ಚೌಕಟ್ಟಿನ ಮೇಲೆ ಇಡಿಸಿ, ಕಣ್ಣು ಮುಚ್ಚಿರಿ ಎನ್ನುತ್ತಿದ್ದ.

ಅನಗವಾಡಿ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಮೊದಲ ತಿಂಗಳೇ ಒಂದು ದಿನ ಕಣ್ಣು ತೆರೆದು, "ಕಾಕಾ, ಆ ಮೂರನೇದು ಕೆಮ್ಮಾಕತ್ತೈತ್ರಿ" ಎಂದಳು.

ನಾನು ನಕ್ಕೆ. ಅಪ್ಪ ಅವಳ ತುಟಿ ನೋಡಿ ತಿಳಿದುಕೊಂಡು ಮೂರನೇ ಮಗ್ಗಕ್ಕೆ ಹೋಗಿ ಕೈ ಇಟ್ಟ. ವಾಪಸು ಬಂದವನ ಮುಖ ದೀಪ ಹಚ್ಚಿದ ಹಾಗಿತ್ತು.

"ಹೆಂಗ ಗೊತ್ತಾತು ನಿನಗ?"

"ನಮ್ಮ ಕುರಿಗೆ ಜಡ್ಡ ಬರೂಮುಂದ ಹಿಂಗ ಮಾಡ್ತಿದ್ದೂರಿ. ಬ್ಯಾರೆದೂ ಒದರತಿರತಾವು, ಅದೊಂದ ಮಾತ್ರ ದನಿ ಸಣ್ಣ ಮಾಡತೈತಿ."

ಆ ದಿನ ಬಸ್ಸಿನಲ್ಲಿ ಅಪ್ಪ ಅದನ್ನೇ ಹೇಳಿದ, ಮತ್ತೆ ಮತ್ತೆ ಹೇಳಿದ. "ಸಾವಿರ ಕುರಿಯಾಗ ಯಾವುದಕ್ಕ ಕೆಮ್ಮು ಬಂದೈತಿ ಅಂತ ತಿಳಿಯವ್ರಿಗೆ ಹನ್ನೆಡ್ಡ ಮಗ್ಗ ಏನ ದೊಡ್ಡುವಲೇ! ಇವ್ರಿಗೆ ಅರ್ಧಾ ಕೆಲಸ ಮೊದಲ ಬರತೈತಿ." ನನಗೆ ಆ ಮಾತು ಯಾಕೋ ಚುಚ್ಚಿತು. ನನಗೆ ಮೂರು ವರ್ಷದಲ್ಲಿ ಬಾರದ್ದು ಅವಳಿಗೆ ಮೂರು ವಾರದಲ್ಲಿ ಬಂದಿತ್ತು. ಸೇಡಿಗೆ, ಅವಳು ಮಾತಾಡುವ ರೀತಿಯನ್ನು ಮಾಡಿ ತೋರಿಸಿದೆ. ಅಪ್ಪ ನಗಲಿಲ್ಲ, ಕಿಟಕಿಯ ಹೊರಗೆ ನೋಡಿದ.

ಹನ್ನೆರಡನೇ ತಿಂಗಳಿಗೆ ಸೂಚನಾ ಫಲಕದ ಮೇಲೆ ಒಂದು ಕಾಗದ ಬಿತ್ತು. ಕೇಂದ್ರಕ್ಕೆ ಕಾಯಂ ಬೋಧಕರು ಬೇಕು. ಹುದ್ದೆ ಒಂದು. ಅರ್ಹತೆ: ಜವಳಿ ಡಿಪ್ಲೊಮಾ ಅಥವಾ ತತ್ಸಮಾನ ಅನುಭವ. ಆ ಕೊನೆಯ ಎರಡು ಶಬ್ದಗಳನ್ನು ಅಪ್ಪ ನನ್ನಿಂದ ಮೂರು ಸಲ ಓದಿಸಿದ.

"ತತ್ಸಮಾನ ಅಂದ್ರ?"

"ಸರಿಸಮ" ಎಂದು ಕೂಗಿದೆ.

"ಅಂದ್ರ ನಾ?"

"ನೀನ ಅಪ್ಪಾ."

ಕಾಗದದ ನಕಲನ್ನು ಮಡಿಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಹಲವು ದಿನ ಆ ಕಿಸೆಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ಅವನಿಗೆ ಬೇಕಾಗಿದ್ದು ಏನು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಾಲಿ ಅವನನ್ನು ಮೂರನೇ ಇಯತ್ತೆಗೆ ಹೊರಗೆ ಕಳಿಸಿತ್ತು, ಅದರ ಬಾಗಿಲಲ್ಲಿ ಒಮ್ಮೆ ಕಲಿಸುವವನಾಗಿ ಒಳಗೆ ಹೋಗಬೇಕಿತ್ತು. ಹುಡುಗರು 'ಕಾಕಾ' ಎನ್ನುವುದು ಅವನಿಗೆ ಇಷ್ಟವೇ. ಆದರೆ 'ಸರ' ಎಂದು ಒಮ್ಮೆಯಾದರೂ ಅನ್ನಿಸಿಕೊಳ್ಳುವ ಆಸೆ ಇತ್ತು. "ಈ ವಯಸ್ಸಿನ್ಯಾಗ ನಿಮ್ಮಪ್ಪಗ ಸಾಲಿ ಹುಚ್ಚ ಹಿಡದೈತಿ" ಎಂದು ಅವ್ವ ನಗುತ್ತಲೇ ಅವನ ಬಿಳಿ ಅಂಗಿಗೆ ನೀಲಿ ಹಾಕಿ ಒಣಗಿಸಿದಳು.

ನಾನೂ ಅರ್ಜಿ ಹಾಕಿದೆ. "ನಿನಗ ಜೋಡಿ ಬ್ಯಾಡೇನು?" ಎಂದು ಚಾಷ್ಟಿ ಮಾಡಿದೆ. "ಹಾಕು ಹಾಕು, ಹೊರಗಿನವ ಬರೂದಕ್ಕಿಂತ ಛಲೋನ" ಎಂದ ಅಪ್ಪ. ಅವನು ಅದನ್ನು ಚಾಷ್ಟಿ ಎಂದೇ ತಿಳಿದ. ನಾನೂ ಹಾಗೆಂದು ನಂಬಿಕೊಂಡೆ, ನಂಬಿಕೊಳ್ಳುವುದರಲ್ಲೂ ನಾನು ಒಳ್ಳೆಯ ನಟ.

ಸಂದರ್ಶನಕ್ಕೆ ಎಂಟು ದಿನವಿದ್ದಾಗ ಅಪ್ಪನಿಗೆ ಪಾಠ ಹೇಳಲು ಕೂತೆ. ಡಿಪ್ಲೊಮಾ ಪುಸ್ತಕದಿಂದ ವ್ಯಾಖ್ಯಾನಗಳನ್ನು ಆರಿಸಿ, ದೊಡ್ಡ ಅಕ್ಷರದಲ್ಲಿ ಬರೆದು, ಬಾಯಿಪಾಠ ಮಾಡಿಸಿದೆ. ಕುರ್ಚಿಯ ಮೇಲೆ ಕೂತು ಸಾಹೇಬನ ಸೋಗು ಹಾಕಿದೆ: ಮೂಗಿನ ತುದಿಗೆ ಕನ್ನಡಕ, ಪೆನ್ನಿನಿಂದ ಮೇಜು ಕುಟ್ಟುವುದು.

"ಹೇಳ್ರಿ, ಪಿಕರ್ ಎಂದರೇನು?"

"ಪಿಕರ್ ಎಂಬುದು ಲಾಳಿಗೆ ಚಲನಶಕ್ತಿಯನ್ನು... ಚಲನಶಕ್ತಿಯನ್ನು..."

"ಒದಗಿಸುವ!"

"ಒದಗಿಸುವ ಸಾಧನವಾಗಿದೆ." ಅಪ್ಪ ಬೆವರು ಒರೆಸಿಕೊಂಡ. "ಲೇ, ಇಷ್ಟ ಅಂದ್ರ ಲಾಳಿ ಹಾರತೈತೇನು?"

"ಲಾಳಿ ಹಾರೂದಿಲ್ಲ, ನೌಕರಿ ಸಿಗತೈತಿ."

"ಮತ್ತ ಮಗ್ಗ ಕೆಟ್ರ?"

"ಅದನ್ನ ಅವರು ಕೇಳೂದಿಲ್ಲ ಅಪ್ಪಾ."

ಅವನು ಹೇಳುವ 'ಚಲನಶಕ್ತಿ'ಯನ್ನು ನಾನು ಓಣಿಯಲ್ಲಿ ಮಾಡಿ ತೋರಿಸಿದೆ. ಕಟ್ಟೆಯವರು ಬಹಳ ನಕ್ಕರು. ಎಂಟು ದಿನ ಅಪ್ಪ ಬೆಳಿಗ್ಗೆ ಹಲ್ಲುಜ್ಜುವಾಗಲೂ ವ್ಯಾಖ್ಯಾನ ಗೊಣಗುತ್ತಿದ್ದ. ಬದುಕಿನಲ್ಲಿ ಮೊದಲ ಬಾರಿ ಒಂದು ಮಗ್ಗದ ಸದ್ದು ತಪ್ಪಿದ್ದು ಅವನ ಗಮನಕ್ಕೆ ಬರಲಿಲ್ಲ. ಆಗ ನನಗೆ ಅದು ಪ್ರಗತಿ ಎನಿಸಿತು.

ಸಂದರ್ಶನದ ದಿನ ಅಪ್ಪ ನೀಲಿ ಹಾಕಿದ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಹೊರಟ. ಎರಡೂ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತ. ಕೇಂದ್ರದ ಪಡಸಾಲೆಯಲ್ಲಿ ಅಭ್ಯರ್ಥಿಗಳು ಸಾಲಾಗಿ ಬೆಂಚಿನ ಮೇಲಿದ್ದರು, ಎಲ್ಲರೂ ನನ್ನ ವಾರಗೆಯವರು, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಫೈಲು. ಅಪ್ಪನ ಕೈಯಲ್ಲಿ ಎಣ್ಣೆ ಜಿಡ್ಡಿನ ಚಾದರಿನ ಚೀಲ. ನನಗೆ ನಾಚಿಕೆಯಾಯಿತು. ಇದನ್ನು ಬೇರೆ ಯಾವ ಶಬ್ದದಲ್ಲಿ ಹೇಳಿದರೂ ಸುಳ್ಳಾಗುತ್ತದೆ.

"ಅಪ್ಪಾ, ಇದನ್ನ ಒಳಗ ಒಯ್ತೀಯೇನು?"

"ಹೂಂ. ನೀ ಹೇಳಿಕೊಟ್ಟಿದ್ದು ಮರತ್ರ, ಇವನ್ನ ಕೈಯಾಗ ಹಿಡದ್ರ ನೆನಪಾಗತೈತಿ."

ಹಳೇ ಕಬ್ಬಿಣ ಕೊಳ್ಳುವವನು ನಮ್ಮ ಓಣಿಗೆ ಬರುತ್ತಿದ್ದ. ಅವನ ಕೂಗು ನನಗೆ ಚೆನ್ನಾಗಿ ಬರುತ್ತಿತ್ತು. ಗಂಟಲು ಎಳೆದು ಕೂಗಿಯೇಬಿಟ್ಟೆ: "ಮೋಡಕಾ ಸಾಮಾನಾ ಹಾಕ್ರೀ... ತಾಂಬ್ರಾ, ಪಿತ್ತಳಿ, ಹಳೇ ಪಿಕರಾ...!"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅಪ್ಪನಿಗೆ ಕೇಳಿಸಿತೋ ಇಲ್ಲವೋ, ಎಲ್ಲರ ಕಣ್ಣು ಚೀಲದ ಮೇಲಿದ್ದದ್ದು ಕಂಡಿತು. ಮೆಲ್ಲಗೆ ಅದನ್ನು ಹೆಗಲಿನಿಂದ ಇಳಿಸಿ ಬೆಂಚಿನ ಮೇಲೆ, ನನ್ನ ಪಕ್ಕದಲ್ಲಿ ಇಟ್ಟ. ಅಷ್ಟರಲ್ಲಿ ಅವನ ಹೆಸರು ಕರೆದರು. ಬರಿಗೈಯಲ್ಲಿ ಒಳಗೆ ಹೋದ.

ಪಡಸಾಲೆಯ ಕಡೆಗೆ ಕೋಣೆಗೊಂದು ಕಿಟಕಿ ಇತ್ತು. ಅಲ್ಲಿಂದ ನೋಡಿದೆ. ಮೂವರು ಸಾಹೇಬರು. ನಡುವಿನವರು ತಲೆ ಎತ್ತದೆ ಕಾಗದ ನೋಡುತ್ತಲೇ ಕೇಳಿದರು, "ಪಿಕರ್ ಎಂದರೇನು? ವ್ಯಾಖ್ಯಾನ ಹೇಳಿ." ಪಕ್ಕದವರು ಅದನ್ನೇ ದೊಡ್ಡ ದನಿಯಲ್ಲಿ ಎರಡನೇ ಸಲ ಹೇಳಿದರು.

ನಾನು ಹೇಳಿಕೊಟ್ಟದ್ದೇ ಪ್ರಶ್ನೆ. ಅಪ್ಪ ಶುರುಮಾಡಿದ. "ಪಿಕರ್ ಎಂಬುದು ಲಾಳಿಗೆ ಚಲನಶಕ್ತಿಯನ್ನು..." ನಿಂತ. ಅವನ ಕೈಗಳು ಮೇಲೆ ಬಂದವು, ಪಿಕರ್ ಹಿಡಿಯುವ ಅಳತೆಗೆ ಬೆರಳುಗಳು ಬಾಗಿದವು, ನಡುವೆ ಏನೂ ಇರಲಿಲ್ಲ. ಖಾಲಿ ಹಿಡಿತವನ್ನು ತಾನೇ ನೋಡಿಕೊಂಡ. "ಚಲನಶಕ್ತಿಯನ್ನು" ಎಂದು ಮತ್ತೆ ಅಂದ. ಆಮೇಲೆ ಅಂಗಿಗೆ ಕೈ ಒರೆಸಿಕೊಂಡು, "ಸಾಹೇಬ್ರ, ಮಗ್ಗ ಬಾಜೂ ಕೋಣ್ಯಾಗ ಅದಾವ್ರಿ. ಚಾಲೂ ಮಾಡಿ ಎಲ್ಲಾನೂ ತೋರಸ್ತೇನಿ ಬರ್ರಿ" ಎಂದ.

"ಅದಕ್ಕೆಲ್ಲ ವೇಳೆ ಇಲ್ಲ" ಎಂದರು ನಡುವಿನವರು. "ಕಲಿಸುವವರಿಗೆ ಮೊದಲು ವ್ಯಾಖ್ಯಾನ ಬರಬೇಕು. ಆಯ್ತು, ನೀವು ಹೋಗಬಹುದು." ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ತಲೆಯನ್ನು ಕೊನೆಗೂ ಎತ್ತಲಿಲ್ಲ.

ಅಪ್ಪ ಹೊರಗೆ ಬಂದು ಬೆಂಚಿನ ಮೇಲೆ ಕೂತ, ಚೀಲದ ಮೇಲೆ ಕೈ ಇಟ್ಟ. ನನ್ನ ಹೆಸರು ಕರೆದರು.

ವ್ಯಾಖ್ಯಾನಗಳನ್ನು ನೀರು ಕುಡಿದ ಹಾಗೆ ಹೇಳಿದೆ. ಮಗ್ಗ ಪದೇಪದೇ ನಿಂತರೆ ಕಾರಣಗಳೇನು? ಐದು ಎಂದು ಬೆರಳು ಮಡಿಚಿ ಎಣಿಸಿದೆ. ಆಗ ಮೂಲೆಯಲ್ಲಿ ಕೂತ ವಯಸ್ಸಾದ ಸಾಹೇಬರು, "ಪುಸ್ತಕ ಸಾಕಪ್ಪ. ನೀ ಸ್ವಂತ ಕಂಡ ಒಂದು ಉದಾಹರಣೆ ಕೊಡು ನೋಡೋಣ" ಎಂದರು.

ಸ್ವಂತ ಕಂಡದ್ದು. ತಲೆಯೊಳಗೆ ಬಟ್ಟೆ ಹೊದ್ದ ನಾಲ್ಕು ಮಗ್ಗಗಳು ನಿಂತಿದ್ದವು, ಅಷ್ಟೇ. "ಒಂದು ನಿಮಿಷ ಸರ್, ಸಾಮಾನು ಹೊರಗಿದೆ" ಎಂದೆ. ಹೊರಗೆ ಬಂದು ಅಪ್ಪನ ಕೈಕೆಳಗಿನಿಂದ ಚೀಲ ಎಳೆದುಕೊಂಡೆ.

ಅವನ ಮುಖ ನೋಡಬಾರದಿತ್ತು, ನೋಡಿದೆ. ಅದು ಅರಳಿತ್ತು. ಸಾಹೇಬರಿಗೆ ನಾನು ಅವನ ಸಲುವಾಗಿ ಏನೋ ಹೇಳಿದ್ದೇನೆ, ಅದಕ್ಕೇ ಚೀಲ ತರಿಸುತ್ತಿದ್ದಾರೆ ಎಂದುಕೊಂಡ. "ಕರದ್ರೇನು?" ಎಂದು ಅಂಗಿ ಜಗ್ಗಿಕೊಂಡು ಅರ್ಧ ಎದ್ದು ನಿಂತ. ನಾನು ಒಳಗೆ ಹೋಗಿ ಬಾಗಿಲು ಮುಚ್ಚಿದೆ.

ಮೇಜಿನ ಮೇಲೆ ಪಿಕರ್‌ಗಳನ್ನು ಸುರುವಿದೆ. ಒಂದನ್ನು ಎತ್ತಿಕೊಂಡೆ. ಹೇಳಲು ನನ್ನದೇ ಮಾತು ಇರಲಿಲ್ಲ, ಆದ್ದರಿಂದ ಅಪ್ಪನಾದೆ. ಕುತ್ತಿಗೆ ಒಂದು ಕಡೆ ವಾಲಿತು, ಬೆನ್ನು ಬಾಗಿತು, ಅಂಗೈ ಮೇಜನ್ನು ಮಗ್ಗದ ಚೌಕಟ್ಟೆಂದು ಮುಟ್ಟಿತು. ಕಿವಿ ಮಂದವಾದವರಿಗೆ ಬರುವ ಆ ಜೋರು ದನಿ ತಾನಾಗಿ ಬಂತು: "ಇದನ್ನ ನೋಡ್ರಿ ಸಾಹೇಬ್ರ! ತೂತು ಬರೋಬ್ಬರಿ ನಡುವ ಬಿದ್ದೈತಿ. ಈ ಮಗ್ಗ ಶಾಣ್ಯಾ! ಇದು ಬಲಕ್ಕ ತಿಂದೈತಿ, ಬರೇ ಹೊಸಾದು ಹಾಕಿದ್ರ ಅದೂ ಸಾಯ್ತೈತಿ!" ಒಂದಾದ ಮೇಲೊಂದು ಎತ್ತಿದೆ. ಯಾವುದು ಯಾವ ಮಗ್ಗದ್ದು ಎಂದು ನನಗೆ ಗೊತ್ತಿರಲಿಲ್ಲ, ಕಥೆಗಳನ್ನು ಮಾತ್ರ ಕೇಳಿದ್ದೆ. ಯಾವುದೋ ಪಿಕರ್‌ಗೆ ಯಾವುದೋ ಕಥೆ ಹಚ್ಚಿದೆ. ನಡುನಡುವೆ ಮಗ್ಗದ ಸದ್ದನ್ನೂ ಮಾಡಿದೆ.

ಮೂವರೂ ನಕ್ಕರು. ತಲೆ ಎತ್ತದವರು ತಲೆ ಎತ್ತಿ ನಕ್ಕರು, ಅವರ ಬಶಿಯಲ್ಲಿ ಚಹಾ ತುಳುಕಿತು. "ಭಲೇ! ಇಂಥವರು ಬೇಕು ನೋಡ್ರಿ. ಥಿಯರಿಯೂ ಇದೆ, ಪ್ರ್ಯಾಕ್ಟಿಕಲ್ಲೂ ಇದೆ" ಎಂದರು.

ಮೆಚ್ಚುಗೆ ಸ್ವೀಕರಿಸಲು ಮುಖ ಎತ್ತಿದೆ. ಕಿಟಕಿಯಲ್ಲಿ ಅಪ್ಪ ನಿಂತಿದ್ದ. ಅವನಿಗೆ ಒಂದಕ್ಷರವೂ ಕೇಳಿಸಿರಲಿಕ್ಕಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ. ತನ್ನ ಕುತ್ತಿಗೆ, ತನ್ನ ಬೆನ್ನು, ತನ್ನ ಅಂಗೈ ಒಳಗೆ ಓಡಾಡುತ್ತಿದ್ದುದನ್ನು ನೋಡುತ್ತಿದ್ದ. ಸಾಹೇಬರು ನಗುತ್ತಿದ್ದುದನ್ನೂ.

ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆವು. ಅಲ್ಲಿ ಬನಹಟ್ಟಿ ಬಸ್ಸಿಗೆ ಕಾಯುತ್ತ ನಿಂತಾಗ ಅವನೇ ಬಾಯಿ ತೆರೆದ.

"ನಾ ಒಳಗಿದ್ದಾಗ ಅವರು ನಕ್ಕಿದ್ದಿಲ್ಲ."

ನಾನು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡೆ.

"ನೀ ನನ್ನಂಗ ಮಾಡಿದಾಗ ನಕ್ರು. ನಿನ್ನ ಕೈಯಾಗ ನಾ ಛಲೋ ಕಾಣಸ್ತೇನೇನಲೇ?"

ಎಂಥ ಮಾತಿಗೂ ಮರುಮಾತು ಇಟ್ಟುಕೊಂಡು ತಿರುಗುವವನು ನಾನು. ಆಗ ಬಾಯಿಗೆ ಬಂದದ್ದು, "ಬಸ್ಸ ಬಂತು ನಡಿ" ಎಂಬುದು. ಬಸ್ಸಿನಲ್ಲಿ ಚೀಲ ನನ್ನ ತೊಡೆಯ ಮೇಲಿತ್ತು. ತಿರುಗಿ ಕೊಡಲು ಹೋದೆ. "ಇರಲಿ. ಇನ್ನ ನಿನಗ ಬೇಕಾಗತೈತಿ" ಎಂದು ಕಿಟಕಿಯ ಕಡೆ ತಿರುಗಿದ.

ನೇಮಕದ ಕಾಗದ ನನಗೇ ಬಂತು. ಅವ್ವ ಸಕ್ಕರೆ ಹಂಚಿದಳು. ಅಪ್ಪನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಕೇಂದ್ರದವರು ಸಹಾಯಕನ ಜಾಗವನ್ನು ತೆಗೆದುಹಾಕಿದರು, ಬೋಧಕ ಬಂದ ಮೇಲೆ ಸಹಾಯಕ ಯಾಕೆ ಎಂದು. ಅಪ್ಪ ಮತ್ತೆ ಬನಹಟ್ಟಿಯ ಓಣಿಗಳಿಗೆ ಪಾನಾ ಹಿಡಿದು ಹೊರಟ. ಅವ್ವ ಹೊಸ ಚೀಲ ಹೊಲಿದುಕೊಟ್ಟಳು. ಅದರಲ್ಲಿ ಪಾನಾ, ಕಟ್ಟಿಗೆಯ ತುಂಡು ಮಾತ್ರ ಇರುತ್ತಿದ್ದವು. ಸವೆದ ಪಿಕರ್‌ಗಳನ್ನು ಈಗ ಅವನೂ ಬೇರೆ ಜಾಬರ್‌ಗಳ ಹಾಗೆ ಎಸೆಯುತ್ತಿದ್ದ.

ಮೊದಲ ದಿನ ತರಗತಿ ಎದ್ದು ನಿಂತು "ನಮಸ್ಕಾರ್ರೀ ಸರ" ಎಂದಿತು. ಅನಗವಾಡಿ ಕಡೆಯ ಹುಡುಗಿ ಮಾತ್ರ ಕೂತಿದ್ದಳು.

"ಕಾಕಾ ಬರೂದಿಲ್ರೇನು?"

"ಅವರಿಗೆ ಡಿಪ್ಲೊಮಾ ಇಲ್ಲವ್ವ."

"ನಮ್ಮ ಕುರಿಗೋಳಿಗೂ ಇದ್ದಿದ್ದಿಲ್ಲ ಬಿಡ್ರಿ, ಆದರೂ ಕಾಕಾ ಕಲಿಸಿದ್ರ ಅವಕ್ಕೂ ತಿಳೀತಿತ್ತು" ಎಂದಳು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ, ನಗುವ ಹಾಗೆ ಮಾಡಿದೆ ಎನ್ನುವುದು ಸರಿ.

ಎರಡನೇ ತಿಂಗಳು ಮೂರನೇ ಮಗ್ಗ ಕೈಕೊಟ್ಟಿತು. ನಾಲ್ಕು ಬಡಿತ, ಆಮೇಲೆ ಧಡಕ್. ಪುಸ್ತಕದ ಐದೂ ಕಾರಣ ನೋಡಿದೆ. ಅಪ್ಪನ ಚೀಲ ತೆಗೆದು ಪಿಕರ್‌ಗಳನ್ನು ಸಾಲಾಗಿ ಇಟ್ಟು ಒಂದೊಂದನ್ನೇ ತಿರುಗಿಸಿ ನೋಡಿದೆ. ಬರೀ ತೂತುಗಳು. ಯಾವುದೋ ಕಟ್ಟಿಗೆ ಹಚ್ಚಿ ಕಿವಿ ಕೊಟ್ಟರೆ ನನ್ನದೇ ಎದೆ ಬಡಿಯುವುದು ಕೇಳಿಸಿತು. ಕೊನೆಗೆ ಹೊರಗೆ ಹೋಗಿ ಹೊಸ ಮೊಬೈಲಿನಿಂದ ಮನೆಗೆ ಹಚ್ಚಿದೆ. ಅವ್ವ ಎತ್ತಿದಳು. "ಅಪ್ಪನ ಕಿವಿಗೆ ಹಿಡಿ" ಎಂದೆ. ಹಿಡಿದಳು.

ಮಗ್ಗದ ಸದ್ದು ಮಾಡಿದೆ. ಖಟ್-ಖಟಾ, ಖಟ್-ಖಟಾ... ಅಷ್ಟು ಚಂದ ಯಾವತ್ತೂ ಮಾಡಿರಲಿಲ್ಲ. ಆ ಕಡೆ ಉಸಿರು ಕೇಳುತ್ತಿತ್ತು.

"ಮತ್ತೊಮ್ಮಿ ಮಾಡು" ಎಂದ ಅಪ್ಪ.

ನನ್ನ ಜೀವ ತಿರುಗಿ ಬಂತು. ಸಾವಕಾಶ, ಒಂದೊಂದು ಬಡಿತ ಬಿಡಿಸಿ ಮಾಡಿದೆ.

"ಛಲೋ ಮಾಡ್ತಿ" ಎಂದ. "ಖರೆ ಮಗ್ಗನ ಅನಸ್ತು."

ಕಾದೆ. ಫೋನು ಅವ್ವನ ಕೈಗೆ ಹೋಗಿತ್ತು. "ಎದ್ದ ಹೋದ್ರಪಾ" ಎಂದಳು. "ಯಾಕ, ಏನ ಬೇಕಿತ್ತು?"

"ಏನಿಲ್ಲವ್ವಾ."

ಒಳಗೆ ಬಂದೆ. ಮಗ್ಗದ ಸುತ್ತ ಎಲ್ಲರೂ ನಿಂತಿದ್ದರು. ಆ ಹುಡುಗಿ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿಕೊಂಡಿದ್ದಳು. ನಾನು ಬಂದದ್ದು ತಿಳಿದು ಕಣ್ಣು ತೆರೆದಳು.

"ಸರ, ಇದಕ್ಕೇನಾಗೈತಿ ನನಗ ಗೊತ್ತಾತ್ರಿ. ಬಿಚ್ಚಲೇನ್ರಿ?"

ಹೂಂ ಎಂದಿದ್ದರೆ ಮಗ್ಗ ಓಡುತ್ತಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಅದಕ್ಕೆಲ್ಲ ವೇಳೆ ಇಲ್ಲ" ಎಂದೆ. "ಮೊದಲು ವ್ಯಾಖ್ಯಾನ ಬರಬೇಕು. ಎಲ್ಲರೂ ಕೂಡ್ರಿ, ಬರಕೋರಿ."

ಅವಳು ಕೈ ತೆಗೆದಳು. ಮೂರನೇ ಮಗ್ಗಕ್ಕೆ ಬಟ್ಟೆ ಹೊದಿಸಿದೆ, ಸೀಮೆಸುಣ್ಣ ಎತ್ತಿಕೊಂಡೆ, ಪಿಕರ್ ಎಂಬುದು ಲಾಳಿಗೆ ಎಂದು ಬರೆಯತೊಡಗಿದೆ. ಬರೆಯುತ್ತಿದ್ದಾಗಲೇ ನನಗೆ ತಿಳಿದದ್ದು: ಈಗಷ್ಟೇ ಬಾಯಿಂದ ಬಂದದ್ದು ಸಂದರ್ಶನದ ಆ ನಡುವಿನ ಸಾಹೇಬರ ದನಿ. ಅದನ್ನು ನಾನು ಅಣಕಿಸಿರಲಿಲ್ಲ.